ಕಾಲೇಜಿನಲ್ಲಿ ಎಸೆತದ ಕೋಚ್ ಆಗಲು ಬಿಪಿಎಡ್ ಸಾಕಾ?

ಕಾಸರಗೋಡಿನಲ್ಲಿ ಡಿಗ್ರಿ ಓದುತ್ತಾ ಡಿಸ್ಕಸ್ ಎಸೆಯುತ್ತಿದ್ದೀರಿ, ಮುಂದೆ ಕಾಲೇಜಿನಲ್ಲಿ ಎಸೆತದ ಕೋಚ್ ಆಗಲು ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಎಸೆತಕ್ಕೆ ಅಂತಲೇ ಬೇರೆ ಕೋಚ್ ಇಡುವುದು ಅಮೆರಿಕದ ಕಾಲೇಜುಗಳ ಪದ್ಧತಿ. ನಮ್ಮಲ್ಲಿ ಕಬಡ್ಡಿಯಿಂದ ಜಾವೆಲಿನ್‌ವರೆಗೆ ಎಲ್ಲವೂ ದೈಹಿಕ ಶಿಕ್ಷಣದ ಮೇಷ್ಟ್ರ ತಲೆ ಮೇಲೆ. ಆ ಕೆಲಸಕ್ಕೆ ಸಾಮಾನ್ಯವಾಗಿ ಎಂಪಿಎಡ್ (ಅದೇ ವಿಷಯದ ಸ್ನಾತಕೋತ್ತರ ಪದವಿ) ಮತ್ತು ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬೇಕು. ಓದಲು ತಿರುವನಂತಪುರದ ದೈಹಿಕ ಶಿಕ್ಷಣ ಕಾಲೇಜು ಎಲ್‌ಎನ್‌ಸಿಪಿಇ ಇದೆ. ಕೋಚಿಂಗೇ ಬೇಕು ಅಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಮಾಡಿ. ಕೋಚ್ ಹುದ್ದೆಗಳಿಗೆ ಅದಕ್ಕೇ ಬೆಲೆ ಜಾಸ್ತಿ.

ಕಲಿಸುವ ಅಭ್ಯಾಸವನ್ನು ಮಾತ್ರ ಈಗಲೇ ಜೂನಿಯರ್‌ಗಳ ಜೊತೆ ಶುರು ಮಾಡಿ. ಡಿಸ್ಕ್ ಎಲ್ಲಿ ಬಿತ್ತು ಅಂತ ಟೇಪ್ ಹಿಡಿದವರು ನೋಡಿಕೊಳ್ಳುತ್ತಾರೆ, ನೀವು ಕಾಲು ನೋಡಿ. ಬಲಗೈಯಲ್ಲಿ ಎಸೆಯುವವನಾದರೆ 2.5 ಮೀಟರ್ ವೃತ್ತದ ನಡುವೆ ಬಲಗಾಲು ಊರಿದ ಮೇಲೂ ಪಾದದ ಮುಂಭಾಗದ ಮೇಲೆ ತಿರುಗುತ್ತಲೇ ಇರಬೇಕು. ಹಿಮ್ಮಡಿ ಊರಿ ನಿಂತುಬಿಟ್ಟರೆ ಸೊಂಟ ತಿರುಗುವುದಿಲ್ಲ, ಆಮೇಲೆ ಬರೀ ತೋಳಿನ ಬಲ. ಟೋಕಿಯೊದಲ್ಲಿ ನೀರಜ್ ಚೋಪ್ರಾ ಜಾವೆಲಿನ್ 87.58 ಮೀಟರ್ ಎಸೆದಾಗ ಕೋಚ್ ಆಗಿದ್ದ ಕ್ಲಾಸ್ ಬಾರ್ಟೊನಿಯೆಟ್ಜ್ ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ವಿಜ್ಞಾನ) ಪರಿಣತರು, ಸುಮ್ನೆ ಅಲ್ಲ ಅಲ್ವಾ?

ನಮ್ಮ ಮಳೆಗಾಲದಲ್ಲಿ ಒದ್ದೆ ಸಿಮೆಂಟಿನ ಮೇಲೆ ಯಾರನ್ನೂ ತಿರುಗಿಸಬೇಡಿ. ನಿಂತಲ್ಲಿಂದಲೇ ಎಸೆಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ತೆಗೆಯುವಾಗ ವೃತ್ತದ ಸುತ್ತಲಿನ ಬಲೆಯ ಹೊರಗೆ ನಿಲ್ಲಿ.