ಬಚ್ಚಲಲ್ಲೊಂದು, ಬಾಲ್ಕನಿಯಲ್ಲೊಂದು

ಪ್ರಶ್ನೆ: ನಮಸ್ಕಾರ ಅಕ್ಕ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ನಮ್ಮದು. ಬಾತ್‌ರೂಮ್ ಐದಡಿಗೆ ಏಳಡಿ. ಮೇಲೊಂದು ವೆಂಟಿಲೇಟರ್, ಅದಕ್ಕೆ ಮಬ್ಬು ಗಾಜು. ಮೊಬೈಲಿನಲ್ಲಿ ಚೆಂದದ ಫೋಟೋ ನೋಡಿ ಮೊದಲು ಲೋಳೆಸರ ತಂದಿಟ್ಟೆ, ಕೊಳೆಯಿತು. ಆಮೇಲೆ ನರ್ಸರಿಯವರು ‘ತೇವ ಇದ್ದರೆ ಸಾಕು ಮೇಡಂ’ ಎಂದು ಫರ್ನ್ ಕೊಟ್ಟರು. ಇಪ್ಪತ್ತು ದಿನಕ್ಕೆ ಎಲೆಯೆಲ್ಲ ಉದುರಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ದಿನಾ ಗಿಡದ ಸೇವೆ ಮಾಡಲು ಆಗುವುದಿಲ್ಲ. ಯಾವ ಗಿಡ ಇಡಲಿ? ಮನಿ ಪ್ಲಾಂಟ್ ಇಡೋಣ ಅಂದರೆ, ಬಚ್ಚಲಲ್ಲಿಟ್ಟರೆ ದುಡ್ಡು ನೀರಿನ ಹಾಗೆ ಹರಿದುಹೋಗುತ್ತದೆ ಅನ್ನುತ್ತಾರೆ ನಮ್ಮತ್ತೆ.

ಉತ್ತರ: ಒಂದು ಕೊಳೆತು ಹೋಯಿತು, ಒಂದು ಉದುರಿ ಹೋಯಿತು. ನಿಮ್ಮ ಕೈಗುಣ ಕೆಟ್ಟದ್ದು ಅಂತ ಅಂದುಕೊಳ್ಳಬೇಡಿ. ಎರಡಕ್ಕೂ ಸಾಲದೇ ಹೋದದ್ದು ಬೆಳಕು.

ಆ ಫೋಟೋಗಳನ್ನು ಇನ್ನೊಮ್ಮೆ ನೋಡಿ. ಗಿಡದ ಪಕ್ಕದಲ್ಲಿ ಆಳೆತ್ತರದ ಕಿಟಕಿ ಇರುತ್ತದೆ, ಅಲ್ವಾ? ನಮ್ಮ ಬಾತ್‌ರೂಮಿನಲ್ಲಿ ಇರುವುದು ಬಕೆಟ್ಟು, ಗೀಸರ್ರು, ಕೈಗೆಟುಕದ ಎತ್ತರದಲ್ಲೊಂದು ವೆಂಟಿಲೇಟರ್ರು. ತೇವ ಇದೆ ಅನ್ನುವುದೂ ಅರ್ಧ ಸತ್ಯ. ಬೆಳಗ್ಗೆ ಇಬ್ಬರ ಸ್ನಾನ ಮುಗಿದು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸ್ವಲ್ಪ ಹೊತ್ತಿಗೆ ಹಬೆಯೆಲ್ಲ ಹೊರಗೆ. ಉಳಿದ ಇಡೀ ದಿನ ಅದು ಬಾಗಿಲು ಮುಚ್ಚಿದ ಕತ್ತಲೆ ಕೋಣೆ.

ಹಾಗಾಗಿ ಗಿಡ ತರುವ ಮೊದಲು ಒಂದು ಪರೀಕ್ಷೆ ಮಾಡಿ. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಲೈಟ್ ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಶಾಂಪೂ ಬಾಟಲಿ ಹಿಡಿದು ಹಿಂದಿನ ಸಣ್ಣ ಅಕ್ಷರ ಓದಿ. ಕಣ್ಣು ಕಿರಿದು ಮಾಡದೆ ಓದಲು ಬಂದರೆ ಗಿಡ ಬದುಕುತ್ತದೆ. ಬರದಿದ್ದರೆ ಯಾವ ಗಿಡವೂ ಅಲ್ಲಿ ಕಾಯಂ ಆಗಿ ಬದುಕುವುದಿಲ್ಲ. ‘ಕತ್ತಲಲ್ಲೂ ಬೆಳೆಯುತ್ತೆ’ ಅಂತ ಮಾರುವ ಗಿಡಗಳು ಕತ್ತಲಲ್ಲಿ ಬೆಳೆಯುವುದಿಲ್ಲ. ನಿಧಾನಕ್ಕೆ ಸಾಯುತ್ತವೆ, ಅಷ್ಟೇ.

ನಿಮಗೆ ನನ್ನ ಸಲಹೆ ಝೀಝೀ ಪ್ಲಾಂಟ್. ಒಂದಲ್ಲ, ಎರಡು ಕುಂಡ ತನ್ನಿ. ಒಂದು ಬಾತ್‌ರೂಮಿಗೆ, ಒಂದು ಬಾಲ್ಕನಿಯ ನೆರಳಿಗೆ. ಎರಡು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಮೈಸೂರಿನ ನಮ್ಮ ಮನೆಯಲ್ಲಿ ಆರು ವರ್ಷದಿಂದ ಹೀಗೇ ನಡೆದಿದೆ. ಪೂರ್ವ ಆಫ್ರಿಕಾದ, ಮಳೆಯಿಲ್ಲದ ತಿಂಗಳುಗಳನ್ನು ಕಳೆದು ಅಭ್ಯಾಸ ಇರುವ ಗಿಡ ಅದು. ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆ ಮಾಡಿಕೊಂಡು ನೀರು ಕೂಡಿಟ್ಟುಕೊಳ್ಳುತ್ತದೆ. ಒಂದೊಂದು ಕುಂಡಕ್ಕೂ ಮೂರು ನಾಲ್ಕು ವಾರಕ್ಕೊಮ್ಮೆ ಒಂದು ಲೋಟ ನೀರು ಸಾಕು. ಮಗಳ ಬಾಣಂತನಕ್ಕೆ ಹೋಗಿ ನಲವತ್ತು ದಿನ ಮನೆ ಬೀಗ ಹಾಕಿದ್ದೆ. ಬಂದು ನೋಡಿದರೆ ತುಳಸಿ ಒಣಗಿತ್ತು, ಝೀಝೀ ಹೊಳೆಯುತ್ತಾ ಕೂತಿತ್ತು.

ಜಾಸ್ತಿ ನೀರು ಮಾತ್ರ ಬೇಡ. ನನ್ನ ಮೊದಲ ಬಾತ್‌ರೂಮ್ ಗಿಡ ಹಳದಿ ಅಂಚಿನ ಸ್ನೇಕ್ ಪ್ಲಾಂಟ್. ಮಗ್ಗಿನಲ್ಲಿ ನೀರು ಉಳಿದಾಗೆಲ್ಲ ಅದಕ್ಕೆ ಸುರಿಯುತ್ತಿದ್ದೆ. ಒಂದು ದಿನ ಸಣ್ಣ ವಾಸನೆ. ಮೋರಿ ಕಟ್ಟಿದೆ ಅಂತ ಜಾಲರಿ ತೆಗೆದು ಉಜ್ಜಿದ್ದೇ ಉಜ್ಜಿದ್ದು. ಆಮೇಲೆ ಎಲೆ ಮುಟ್ಟಿದರೆ ಬೆಂದ ಕೆಸುವಿನ ದಂಟಿನ ಹಾಗೆ ಬುಡದಿಂದಲೇ ಕೈಗೆ ಬಂತು. ಗಟ್ಟಿ ಇದ್ದ ಒಂದು ಎಲೆಯನ್ನು ತುಂಡು ಮಾಡಿ ಮರಳು ಮಣ್ಣಿಗೆ ಚುಚ್ಚಿದೆ. ಎರಡು ತಿಂಗಳಾದ ಮೇಲೆ ಮರಿ ಬಂತು, ಆದರೆ ಹಳದಿ ಅಂಚು ಮಾಯ, ಬರೀ ಹಸಿರು. ಅಂಚಿನ ಸ್ನೇಕ್ ಪ್ಲಾಂಟನ್ನು ಎಲೆಯಿಂದ ಮಾಡಿದರೆ ಹೀಗೇ. ಅಂಚು ಬೇಕಿದ್ದರೆ ಬುಡದ ಮರಿಯನ್ನೇ ಬಿಡಿಸಿ ನೆಡಬೇಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಚೆಂದ ಕಾಣುತ್ತದೆಂದು ತೂತಿಲ್ಲದ ಪಿಂಗಾಣಿ ಕುಂಡ ತಂದು ಗಿಡ ಕೊಂದವರ ಪತ್ರ ನನಗೆ ತಿಂಗಳಿಗೆ ನಾಲ್ಕಾದರೂ ಬರುತ್ತವೆ.

ಇನ್ನು ಮನಿ ಪ್ಲಾಂಟ್ ವಿಷಯ. ಅದು ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದ ಬಳ್ಳಿ. ಸಸ್ಯಶಾಸ್ತ್ರದವರು ಅದಕ್ಕೆ ಹೆಸರಿಟ್ಟಿದ್ದೇ 1880ರಲ್ಲಿ. ನಮ್ಮ ಹಳೆಯ ಶಾಸ್ತ್ರ ಬರೆದವರು ಅದನ್ನು ಕಂಡಿರಲು ಸಾಧ್ಯವಿಲ್ಲ. ಹಾಗಂತ ಅತ್ತೆಯ ಜೊತೆ ವಾದಕ್ಕಿಳಿಯಬೇಡಿ. ಝೀಝೀ ಹೆಸರಿನಲ್ಲಿ ದುಡ್ಡಿಲ್ಲ, ಅವರೂ ಸುಮ್ಮನಾಗುತ್ತಾರೆ.

ಮುಂದೆ ಯಾವತ್ತಾದರೂ ಅವರು ಒಪ್ಪಿದರೆ, ಗೆಣ್ಣಿನ ಕೆಳಗೆ ಕತ್ತರಿಸಿದ ಒಂದು ತುಂಡು ಬಳ್ಳಿಯನ್ನು ಗಾಜಿನ ಬಾಟಲಿಯಲ್ಲಿ ಇಡಿ. ಬೇರು ಬರುವುದು ಗೆಣ್ಣಿನಿಂದ, ಬರೀ ಎಲೆಯಿಂದ ಅಲ್ಲ. ವಾರಕ್ಕೊಮ್ಮೆ ನೀರು ಬದಲಾಯಿಸಿ, ಬಾಟಲಿಯ ಒಳಗೋಡೆಯನ್ನೂ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೇ ಅಂಟಿಕೊಂಡಿರುತ್ತದೆ. ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಕುಂಡ ಎತ್ತರದಲ್ಲಿರಲಿ. ಝೀಝೀ, ಮನಿ ಪ್ಲಾಂಟ್, ಪೀಸ್ ಲಿಲ್ಲಿ ಮೂರೂ ನಮ್ಮ ಕೆಸುವಿನ ಕುಲದವು. ಹಸಿ ಕೆಸು ಬಾಯಿಗೆ ಹಾಕಿದರೆ ಗಂಟಲು ಕೆರೆಯುವುದು ಗೊತ್ತಲ್ಲ, ಇವೂ ಹಾಗೇ.

ಕೆಸು ಅಂದಾಗ ನೆನಪಾಯಿತು. ಮಲೆನಾಡಿನ ಸಾಗರ ಊರಿನ ಕಡೆ ನನ್ನ ಅಮ್ಮನ ಮನೆಯಲ್ಲಿ ಬಚ್ಚಲಿಗೆ ಗಿಡ ತಂದಿಡುವ ಮಾತೇ ಇರಲಿಲ್ಲ. ಬಚ್ಚಲ ನೀರು ಹಿತ್ತಲಿಗೆ ಹರಿದು ಕೆಸುವಿಗೂ ಬಾಳೆಗೂ ಸೇರುತ್ತಿತ್ತು. ಮಳೆಗಾಲದಲ್ಲಿ ಹೊರಗೋಡೆಯ ಬಿರುಕಿನಲ್ಲಿ ಜರಿಗಿಡ, ಅಂದರೆ ನೀವು ಹೇಳುವ ಫರ್ನ್, ತಾನಾಗಿಯೇ ಹುಟ್ಟುತ್ತಿತ್ತು. ಅಮ್ಮ ಅದನ್ನು ಕಿತ್ತು ಕಿತ್ತು ಸುಸ್ತಾಗುತ್ತಿದ್ದಳು. ಈಗ ಅದೇ ಜರಿಗಿಡಕ್ಕೆ ನಾನು 180 ರೂಪಾಯಿ ಕೊಟ್ಟು ಬಂದಿದ್ದೇನೆ. ಅದೂ ಕಿಟಕಿ ಪಕ್ಕದಲ್ಲಿದೆ, ಬಾತ್‌ರೂಮಿನಲ್ಲಲ್ಲ.

ಪ್ರಶ್ನೆ: ನಮ್ಮ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆ. ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದಂತೆ, ನಾಸಾದವರೇ ಹೇಳಿದ್ದಾರಂತೆ. ವೆಂಟಿಲೇಟರ್ ತುಂಬ ಸ್ಪೈಡರ್ ಪ್ಲಾಂಟ್ ಇಡಬಹುದಾ? (ದಾವಣಗೆರೆಯ ಓದುಗರು)

ಉತ್ತರ: ದಯವಿಟ್ಟು ಬೇಡ. ನಾಸಾದ ಆ ಪ್ರಯೋಗ 1989ರದು. ಗಾಳಿ ಆಡದ ಸಣ್ಣ ಪೆಟ್ಟಿಗೆಯೊಳಗೆ ಗಿಡ ಇಟ್ಟು ನೋಡಿದ್ದು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರು. ಕಿಟಕಿಯ ಗಾಳಿ ಮಾಡುವಷ್ಟು ಕೆಲಸವನ್ನು ಗಿಡ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕಡಿಮೆ ಅಂದರೂ 10, ಹೆಚ್ಚೆಂದರೆ 1000 ಗಿಡ ಬೇಕು ಅಂದರು. ಆಮೇಲೆ ಸ್ನಾನ ಮಾಡಲು ನಿಮಗೆ ಜಾಗ ಎಲ್ಲಿ?

ತಮಾಷೆ ಇರಲಿ. ಗ್ಯಾಸ್ ಗೀಸರ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಯಾವ ಗಿಡವೂ ನಿಮ್ಮನ್ನು ಅದರಿಂದ ಉಳಿಸುವುದಿಲ್ಲ. ವೆಂಟಿಲೇಟರಿಗೆ ಒಂದೇ ಒಂದು ಕುಂಡವನ್ನೂ ಅಡ್ಡ ಇಡಬೇಡಿ. ಸಾಧ್ಯವಾದರೆ ಆ ಗೀಸರನ್ನೇ ಬಾತ್‌ರೂಮಿನಿಂದ ಹೊರಗೆ ಹಾಕಿಸಿ, ಪೈಪಿನಲ್ಲಿ ಬಿಸಿನೀರು ಒಳಗೆ ಬರಲಿ. ಸ್ಪೈಡರ್ ಪ್ಲಾಂಟ್ ವಾಷ್ ಬೇಸಿನ್ ಪಕ್ಕದಲ್ಲಿ ಚೆಂದ ಕಾಣುತ್ತದೆ.

ಪ್ರಶ್ನೆ: ಬಾತ್‌ರೂಮಿನ ಗಿಡದ ಎಲೆ ಮೇಲೆ ಬಿಳಿ ಚುಕ್ಕೆ. ರೋಗವಾ?

ಉತ್ತರ: ಬೆರಳಿಂದ ಉಜ್ಜಿ. ಪುಡಿಯಾಗಿ ಬಂದರೆ ಬೋರ್‌ವೆಲ್ ನೀರಿನ ಸುಣ್ಣ. ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ ಹಾಕಿ, ಹಳೆಯ ಬನಿಯನ್ ಬಟ್ಟೆ ಅದ್ದಿ ಒರೆಸಿ, ಆಮೇಲೆ ಬರೀ ನೀರಲ್ಲಿ ಒರೆಸಿ. ಹತ್ತಿಯ ಹಾಗೆ ಮೆತ್ತಗೆ, ಅಂಟಂಟಾಗಿದ್ದರೆ ಅದು ಹಿಟ್ಟು ತಿಗಣೆ, ಗಿಡದ ರಸ ಹೀರುವ ಹುಳ. ಆ ಕುಂಡವನ್ನು ಬೇರೆ ಗಿಡಗಳಿಂದ ಇವತ್ತೇ ದೂರ ಇಡಿ. ಬಾತ್‌ರೂಮ್ ತೊಳೆಯಲು ಆಸಿಡ್ ಹಾಕುವ ದಿನವಂತೂ ಗಿಡ ಹೊರಗೇ ಇರಲಿ.

ಪ್ರಶ್ನೆ: ನಿಮ್ಮ ಮಾತು ಕೇಳಿ ಝೀಝೀ ತಂದೆ. ಎರಡು ತಿಂಗಳಾಯಿತು, ಒಂದು ಚಿಗುರೂ ಇಲ್ಲ. ಸತ್ತಿದೆಯಾ?

ಉತ್ತರ: ಇಲ್ಲ ತಾಯಿ. ದಂಟು ಗಟ್ಟಿಯಾಗಿ ಹಸಿರಾಗಿದ್ದರೆ ಒಳಗೆ ಗೆಡ್ಡೆ ಕಟ್ಟುತ್ತಿದೆ. ಕಿತ್ತು ನೋಡಬೇಡಿ, ಗೊಬ್ಬರ ಸುರಿಯಬೇಡಿ. ನನ್ನದು ಏಳು ತಿಂಗಳು ಹೀಗೇ ಕೂತಿತ್ತು. ಒಂದು ಬೆಳಗ್ಗೆ ಕುಂಡದಲ್ಲಿ ಹಸಿಮೆಣಸಿನಕಾಯಿ ಕಂಡಿತು. ಅಡುಗೆಮನೆಯದು ಇಲ್ಲಿಗೆ ಹೇಗೆ ಬಂತು ಅಂತ ಎತ್ತಲು ಹೋದೆ. ಬರಲಿಲ್ಲ.