ದೊಡ್ಡ ಸಾಹುಕಾರ್ರ ಮಾತು, ನಿಂತ ಲಾರಿಗಳು

ಪ್ರಶ್ನೆ: ನನಗೆ 36 ವರ್ಷ. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದೆ, ಈಗ ಮ್ಯಾನೇಜರ್. ಸೋಮವಾರ ಬೆಳಿಗ್ಗೆ ಮೀಟಿಂಗ್ ನಾನೇ ನಡೆಸಬೇಕು. ಸಾಹುಕಾರರ ಅಣ್ಣ, ದೊಡ್ಡ ಸಾಹುಕಾರ್ರು, ಬಂದು ಕೂತರೆ ಎರಡು ಗಂಟೆ ಅವರದೇ ಮಾತು. ಹೊರಗೆ ಭತ್ತದ ಲಾರಿಗಳ ಸಾಲು. ಹಮಾಲರು ಬಾಗಿಲಲ್ಲಿ ಇಣುಕಿ ಹೋಗುತ್ತಾರೆ. ಬೈಗುಳ ಮಾತ್ರ ನನಗೆ. ಕೆಲಸ ಕಲಿಸಿದವರೇ ಅವರು, ಹೇಗೆ ಬಾಯಿ ಮುಚ್ಚಿಸಲಿ? ಮನೆ ಸೇರುವಾಗ ರಾತ್ರಿ ಒಂಬತ್ತು. ಅಲ್ಲೂ ಗಂಟು ಮುಖ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಉದ್ದವಿತ್ತು, ಮೇಲೆ ಹಾಕಿರುವುದು ಸಾರ ಅಷ್ಟೇ. ದೊಡ್ಡ ಸಾಹುಕಾರ್ರು ಏನೇನು ಮಾತಾಡುತ್ತಾರೆ ಅಂತ ಎರಡು ಪುಟ ಬರೆದಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ಕಥೆಯೇ ನಾಲ್ಕು ಸೋಮವಾರ ಆಯಿತಂತೆ. (ಪಾಪ, ಆ ವಾರ ನಿಮ್ಮ ಕಡೆ ಯಾರಿಗೆ ನಿದ್ದೆ ಬಂದಿತ್ತು ಹೇಳಿ.) ಆದರೆ ಆ ನಾಲ್ಕು ಸೋಮವಾರ ಏನು ತೀರ್ಮಾನ ಆಗಬೇಕಿತ್ತು ಅಂತ ಒಂದು ಸಾಲೂ ಇಲ್ಲ. ತೀರ್ಮಾನ ಮಾಡಲು ಏನೂ ಇಲ್ಲದ ಕಡೆ ಯಾರಾದರೂ ಕಥೆ ಹೇಳಲೇಬೇಕು, ಅಲ್ವಾ?

ಬೇಜಾರು ಮಾಡಿಕೊಳ್ಳಬೇಡಿ, ಅವರ ಮಾತಿನಿಂದ ನಿಮಗೂ ಒಂದು ಅನುಕೂಲ ಇದೆ. ಭತ್ತ ಒಣಗಿಸುವ ಡ್ರೈಯರ್ ನೋಡಿಕೊಳ್ಳುವವರಿಗೆ "ಗುರುವಾರಕ್ಕೆ ಅಂದಿದ್ರಿ, ಆಗಿಲ್ಲ" ಅನ್ನುವುದು ತಪ್ಪುತ್ತದೆ. ಮೊನ್ನೆವರೆಗೆ ಜೊತೆಗೆ ಬುತ್ತಿ ಬಿಚ್ಚಿದವರನ್ನು ಈಗ ಎದುರು ಕೂರಿಸಿ ಕೇಳುವುದು ಸುಲಭವಲ್ಲ, ಒಪ್ಪುತ್ತೇನೆ.

ನಿಮ್ಮ ಕಡೆಯ ಐಸಿಸಿ ಸಭೆಯನ್ನೇ ನೋಡಿ, ನೀರಾವರಿ ಸಲಹಾ ಸಮಿತಿಯದು. ಒಳಗೆ ಎಷ್ಟು ಹೊತ್ತು ವಾದ ನಡೆಯಿತು ಅಂತ ಎಡದಂಡೆ ರೈತರು ಕೇಳುವುದಿಲ್ಲ. ಯಾವ ಕಾಲುವೆಗೆ, ಎಷ್ಟು ಕ್ಯೂಸೆಕ್, ಯಾವ ತಾರೀಖಿನವರೆಗೆ? ಕೇಳುವುದು ಇಷ್ಟೇ. ನಿಮ್ಮ ಸೋಮವಾರಕ್ಕೂ ಅಂಥ ಎರಡು ಮೂರು ಪ್ರಶ್ನೆ ಬೇಕು. "ಭತ್ತದ ಬಗ್ಗೆ ಚರ್ಚೆ" ಅಂತ ಬರೆದಿರೋ, ಊಟದ ಹೊತ್ತಿಗೇ ಏಳುವುದು. "ತೇವಾಂಶ ಶೇ 17 ದಾಟಿದ ಲೋಡ್ ಇಳಿಸೋಣವೋ, ವಾಪಸ್ ಕಳಿಸೋಣವೋ?" ಅಂತ ಬರೆಯಿರಿ. ಸರ್ಕಾರಿ ಖರೀದಿಗೂ 17ರ ಗೆರೆಯೇ, ಆದರೆ ನಿಮ್ಮದು ನಿಮ್ಮ ಡ್ರೈಯರ್ ತಾಕತ್ತು ನೋಡಿ ಆಗಬೇಕಾದದ್ದು. ಉತ್ತರ ಬಂದ ಕೂಡಲೇ ಏನು, ಯಾರು, ಯಾವ ದಿನದೊಳಗೆ ಅಂತ ನೋಟ್‌ಬುಕ್‌ನಲ್ಲಿ ಬರೆದು ಎಲ್ಲರಿಗೂ ಓದಿ ಹೇಳಿ. ಮುಂದಿನ ಸೋಮವಾರ ಮೊದಲು ತೆರೆಯುವುದು ಅದೇ ಪುಟ.

ಸುಗ್ಗಿಯಲ್ಲಿ ಲಾರಿ ಬರುವ ಹೊತ್ತಿಗೇ ಮೀಟಿಂಗ್ ಇಟ್ಟ ಪುಣ್ಯಾತ್ಮರು ಯಾರೋ! ಸಂಜೆಗೆ ತಳ್ಳಿ. ಲಾರಿ ತೂಗುವ ಕಾಟಾದ ಹುಡುಗನನ್ನು ಮೀಟಿಂಗಿಗೆ ಕರೆಯಲೇಬೇಡಿ.

ಇನ್ನು ದೊಡ್ಡ ಸಾಹುಕಾರ್ರು. ಕಾಳು ಹಲ್ಲಲ್ಲಿ ಕಚ್ಚಿ, ಕಟ್ ಅಂದ ಸದ್ದಿನಲ್ಲೇ ತೇವ ಎಷ್ಟು ಅಂತ ಹೇಳುತ್ತಾರೆ, ಮೀಟರ್ ಹಾಕಿದರೂ ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ ಅಂತ ನೀವೇ ಬರೆದಿದ್ದೀರಿ. ಅಂಥವರ ಬಾಯಿ ಯಾಕೆ ಮುಚ್ಚಿಸಬೇಕು? ಭಾನುವಾರ ಸಂಜೆ ಅವರ ಮನೆಗೆ ಹೋಗಿ. ಪ್ರಶ್ನೆ ಬರೆದ ಚೀಟಿ ಕೈಗೆ ಕೊಡಿ. "ಇದರಲ್ಲಿ ಎರಡನೇದು ನಿಮ್ಮನ್ನ ಬಿಟ್ರೆ ಯಾರಿಗೂ ತಿಳಿಯಂಗಿಲ್ರಿ. ನಾಳೆ ಮೊದಲು ನೀವೇ ಹೇಳ್ರಿ" ಅನ್ನಿ. ಗೇಟಿನ ಕಥೆ ಅಲ್ಲೇ ಚಹಾ ಕುಡಿಯುತ್ತಾ ಕೇಳಿ ಬನ್ನಿ. ಸುಮ್ನೆ ಹೂಂಗುಟ್ಟುವುದಲ್ಲ, ಮನಸ್ಸಿಟ್ಟು ಕೇಳಿ. ಮನೆಯಲ್ಲಿ ಅದನ್ನು ಕೇಳುವವರು ಯಾರೂ ಇಲ್ಲವೇನೋ ಅಂತ ನನ್ನ ಅನುಮಾನ. ಮರುದಿನ ಮತ್ತೆ ಡ್ಯಾಮಿನ ಕಡೆ ಹೊರಟರೆ ಪೆನ್ನು ಹಿಡಿದು, "ಇಳಿಸೋದು ಅಂತ ಬರ್ಕೊಳ್ಲೇನ್ರಿ?" ಅಂತ ಕೇಳಿ. ತಮ್ಮ ಮಾತು ಬರೆಯುತ್ತಾರೆ ಅಂದರೆ ಎಂಥವರೂ ವಾಪಸ್ ಬರುತ್ತಾರೆ.

ಸಾಹುಕಾರರಿಗೆ ಮೊದಲೇ ತಿಳಿಸಿ. "ಅಣ್ಣನಿಗೆ ನಾನೇ ಹೇಳ್ತೀನಿ ಬಿಡಿ" ಅಂದರೆ ಮಾತ್ರ ಬೇಡವೇ ಬೇಡ ಅನ್ನಿ. ಅಣ್ಣತಮ್ಮಂದಿರ ನಡುವೆ ನೀವು ಸಿಕ್ಕಿಕೊಂಡರೆ ನನಗೂ ದಾರಿ ತೋಚುವುದಿಲ್ಲ. ಮನೆಯ ಗಂಟು ಮುಖಕ್ಕೆ ಸದ್ಯ ಬೇರೆ ಔಷಧಿ ಬೇಡ, ನಾಲ್ಕು ದಿನ ಏಳಕ್ಕೆ ಹೋಗಿ ನೋಡಿ.

ಹಾಂ, ಒಗ್ಗರಣೆ ಮಿರ್ಚಿ ಶುರುವಿಗೇ ತರಿಸುತ್ತೀರಂತೆ. ಅದನ್ನು ನಿಲ್ಲಿಸಿ. ಪ್ಲೇಟುಗಳು ಪಕ್ಕದ ರೂಮಿನಲ್ಲಿರಲಿ, ನೋಟ್‌ಬುಕ್ ಓದಿದ ಮೇಲೆ ಒಳಗೆ ಬರಲಿ. ಮಿರ್ಚಿ ಆರಿಹೋಗುತ್ತದೆ ಅಂತ ದೊಡ್ಡ ಸಾಹುಕಾರ್ರೇ ಅವಸರ ಮಾಡುತ್ತಾರೆ.