ಸಿರಿಧಾನ್ಯ, ಸೊಪ್ಪು, ಕಾಳಿನ ಊಟಕ್ಕೆ ಬಂದ ಮೇಲೆ ಉಪ್ಪನ್ನೂ ಬಿಡಬೇಕೇ?

ಬೇಕರಿ ತಿಂಡಿ, ಮೈದಾ, ಪ್ಯಾಕೆಟ್ ಕುರುಕಲು ಎಲ್ಲ ಬಿಟ್ಟಿದ್ದೇನೆ, ಈಗ ಉಪ್ಪನ್ನೂ ಪೂರ್ತಿ ಬಿಡಲೇ, ಇಲ್ಲ ಸೈಂಧವ ಲವಣ ಹಿಡಿಯಲೇ ಎಂದು ಕೇಳಿದ್ದೀರಿ. ಎರಡೂ ಬೇಡ ಅನ್ನುತ್ತೇನೆ. ಅಯೋಡಿನ್ ಇರುವ ಮಾಮೂಲಿ ಉಪ್ಪನ್ನೇ ಇಟ್ಟುಕೊಳ್ಳಿ, ಅಳೆದು ಹಾಕಿ.

ನಮ್ಮ ಮನೆಯಲ್ಲಿ ನಾಲ್ಕು ಜನ. ಅತ್ತೆಗೆ ಬಿ.ಪಿ. ಶುರುವಾದಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಮನೆ, ಹೊರಗಿನದು ಏನೂ ತರುವುದಿಲ್ಲ, ಇನ್ನೆಷ್ಟು ಕಡಿಮೆ ಮಾಡುವುದು ಅನ್ನಿಸಿತ್ತು. ಒಂದು ಸಲ ಹೊಸ ಉಪ್ಪಿನ ಪ್ಯಾಕೆಟ್ ಒಡೆದಾಗ ಅದರ ಮೇಲೆ ತಾರೀಖು ಬರೆದಿಟ್ಟೆ. ಒಂದು ಕೆ.ಜಿ. 25 ದಿನಕ್ಕೆ ಮುಗಿಯಿತು. ತಲೆಗೆ ದಿನಕ್ಕೆ 10 ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ತುಸು ಕಡಿಮೆ. ದ್ರಾಕ್ಷಿ, ಸೊಪ್ಪು ತೊಳೆದ ನೀರಿನಲ್ಲಿ ಒಂದಿಷ್ಟು ಹೋಗಿರಬಹುದು ನಿಜ, ಆದರೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯ ಉಪ್ಪು ಈ ಲೆಕ್ಕದಲ್ಲಿ ಇರಲೇ ಇಲ್ಲ.

ಪ್ಯಾಕೆಟ್ ಆಹಾರ ಬಿಟ್ಟರೆ ಉಪ್ಪು ತಾನಾಗಿಯೇ ಇಳಿಯುತ್ತದೆ ಎನ್ನುವುದು ಬ್ರೆಡ್ಡು, ಚೀಸು ತಿನ್ನುವ ದೇಶಗಳಿಗೆ ಹೆಚ್ಚು ಒಪ್ಪುವ ಮಾತು. ನಮ್ಮ ಮನೆಗಳಲ್ಲಿ ಅದು ಒಲೆ ಪಕ್ಕದ ಡಬ್ಬಿಯಿಂದಲೇ ಬರುತ್ತದೆ. ಒಂದು ಅನುಕೂಲವೂ ಇದೆ. ಅನ್ನಕ್ಕೆ, ಜೋಳದ ರೊಟ್ಟಿಗೆ, ಎಷ್ಟೋ ಮನೆಗಳಲ್ಲಿ ಮುದ್ದೆಗೂ ಉಪ್ಪು ಹಾಕುವ ರೂಢಿಯಿಲ್ಲ. ಉಪ್ಪೆಲ್ಲ ಸಾರು, ಪಲ್ಯ, ಚಟ್ನಿಯಲ್ಲಿ. ಅಲ್ಲಿ ಕೈ ಹಿಡಿದರೆ ಸಾಕು.

ನಾನು ಬೆಳಿಗ್ಗೆಯೇ ಮೂರು ಟೀ ಚಮಚ ಪುಡಿಯುಪ್ಪನ್ನು, ಗೋಪುರ ಬರದಂತೆ ಮಟ್ಟವಾಗಿ ಅಳೆದು, ಪುಟ್ಟ ಬಟ್ಟಲಿಗೆ ತೆಗೆದಿಡುತ್ತೇನೆ. ದಿನದ ಅಡುಗೆಯೆಲ್ಲ ಅಷ್ಟರಲ್ಲೇ. ನಾಲ್ಕನೆಯ ಚಮಚ ತೆಗೆಯದಿರುವುದು ಉಪ್ಪಿನಕಾಯಿಗೆಂದು. ಸೊಪ್ಪಿನ ಪಲ್ಯಕ್ಕೆ ಸೊಪ್ಪು ಬಾಡಿ ಇಳಿದ ಮೇಲೆಯೇ ಉಪ್ಪು. ಬಾಣಲೆ ತುಂಬ ಹಸಿ ಸೊಪ್ಪು ಕಾಣುವಾಗ ಹಾಕಿದರೆ ಕೈ ಜೋರಾಗಿಬಿಡುತ್ತದೆ. ಸಾರಿಗೆ ಕೊನೆಯಲ್ಲಿ, ಇಳಿಸುವ ಮುಂಚೆ. ನಿಂಬೆಹುಳಿ, ಮಾವಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಇದ್ದರೆ ಉಪ್ಪು ಇಳಿದದ್ದು ಅಷ್ಟು ಗೊತ್ತಾಗುವುದಿಲ್ಲ. ಮಜ್ಜಿಗೆಗಂತೂ ಉಪ್ಪು ನಿಲ್ಲಿಸಿ ಶುಂಠಿ, ಕರಿಬೇವು ಜಜ್ಜಿ ಹಾಕಿದೆ. ಮೊದಲ ಎರಡು ವಾರ ಅತ್ತೆ ಸಪ್ಪೆ ಸಪ್ಪೆ ಎಂದು ತಟ್ಟೆ ಸರಿಸಿದ್ದುಂಟು. ಒಂದೂವರೆ ತಿಂಗಳಲ್ಲಿ ನಾಲಿಗೆ ಒಗ್ಗಿತು. ಈಗ ಮದುವೆ ಮನೆ ಸಾರು ಉಪ್ಪಾಯಿತು ಅನ್ನುವವರು ಅವರೇ. ಮಾತ್ರೆ ನಿಂತಿಲ್ಲ, ನಿಲ್ಲಿಸುವುದೂ ಇಲ್ಲ. ಉಪ್ಪಿನ ಪ್ಯಾಕೆಟ್ ಮಾತ್ರ 50 ದಿನ ದಾಟುತ್ತಿದೆ.

ಇನ್ನು ಸೈಂಧವ. ಪಾಕಿಸ್ತಾನದ ಖೇವ್ರಾ ಗಣಿಯ ಗುಲಾಬಿ ಉಪ್ಪಾಗಲಿ, ನಮ್ಮ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪಾಗಲಿ, ತೂಕದ ಬಹುಪಾಲು ಸೋಡಿಯಂ ಕ್ಲೋರೈಡೇ. ಬಿ.ಪಿ. ಏರಿಸುವುದೂ ಅದೇ. ಅದರ ಖನಿಜಗಳ ಆಸೆಗೆ ಹೋಗುವ ಬದಲು ಒಂದು ಹಿಡಿ ನುಗ್ಗೆಸೊಪ್ಪು ಹೆಚ್ಚು ಬೇಯಿಸಿ. ನನಗೆ ಆತಂಕ ಇರುವುದು ಅಯೋಡಿನ್ ಬಗ್ಗೆ, ಸೈಂಧವಕ್ಕೆ ಸಾಮಾನ್ಯವಾಗಿ ಅದನ್ನು ಬೆರೆಸಿರುವುದಿಲ್ಲ. ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಗಳಗಂಡ, ಅಂದರೆ ಅಯೋಡಿನ್ ಸಾಲದೆ ಕುತ್ತಿಗೆ ಊದಿಕೊಳ್ಳುವುದು, ಮನೆಮನೆಯ ಕಾಯಿಲೆಯಂತಿತ್ತು. 1956ರಲ್ಲಿ ಶುರುವಾದ ಅಧ್ಯಯನದಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟಾಗ ಅದು ಇಳಿಯಿತು, 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಬಂತು. ಹಾಲು, ಮೊಟ್ಟೆ, ಮೀನು ಬಿಟ್ಟವರು ಈ ಉಪ್ಪನ್ನೂ ಬಿಟ್ಟರೆ ಅಯೋಡಿನ್ ಬರುವ ದಾರಿ ಬಹಳ ಕಿರಿದಾಗುತ್ತದೆ. ಮನೆಯಲ್ಲಿ ಬಸುರಿ ಇದ್ದರಂತೂ ಈ ಪ್ರಯೋಗ ಮಾಡಲೇಬೇಡಿ, ಮಗುವಿನ ಮಿದುಳಿನ ಬೆಳವಣಿಗೆಗೆ ಅಯೋಡಿನ್ ಬೇಕು.

ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಎಂದು ಮಾರುತ್ತಾರಲ್ಲ, ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಹಲವರಿಗೆ ಅದರಿಂದ ಉಪಯೋಗವಿದೆ. ಆದರೆ ಕಿಡ್ನಿ ತೊಂದರೆ ಇರುವವರಿಗೆ, ಬಿ.ಪಿ.ಯ ಕೆಲವು ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರನ್ನು ಕೇಳದೆ ತರಬೇಡಿ. ನಮ್ಮ ಅತ್ತೆಗೆ ಬೇಡ ಎಂದರು, ಹಾಗಾಗಿ ನಾವು ತರಲಿಲ್ಲ.